ಹಳೇ ಚಿನ್ನ ಕೊಟ್ಟು ಹೊಸ ಒಡವೆ ತಗೊಳ್ಳುವಾಗ ದುಡ್ಡು ಸೋರುವುದು ಎಲ್ಲೆಲ್ಲಿ?

ಎರಡೆಳೆ

ಮದುವೆ ಸೀಸನ್ ಹತ್ತಿರ ಬಂದ ಹಾಗೆಲ್ಲ ನಮ್ಮ ಈ ಚರ್ಚೆಯ ಗುಂಪಲ್ಲಿ ಒಂದೇ ಪ್ರಶ್ನೆ: "ಹಳೇ ಚಿನ್ನಕ್ಕೆ ಯಾವ ಅಂಗಡಿಯಲ್ಲಿ ಕಡಿಮೆ ಕಟ್ ಮಾಡ್ತಾರೆ?" ಕಟ್ ಬೀಳೋದು ನಾಲ್ಕು ಕಡೆ. ಅಂಗಡಿಯವರು ಬೋರ್ಡ್ ಮೇಲೆ ಬರೆಯೋದು ಅದರಲ್ಲಿ ಎಲ್ಲಕ್ಕಿಂತ ಸಣ್ಣದನ್ನ. ಒಂದು ಲೆಕ್ಕ ಹಾಕಿ ತೋರಿಸ್ತೀನಿ. ದರ ದಿನಾ ಏರಿಳಿಯೋದ್ರಿಂದ 22 ಕ್ಯಾರೆಟ್ ಗ್ರಾಂಗೆ ₹10,000 ಅಂತ ರೌಂಡ್ ಫಿಗರ್ ಹಿಡಿದಿದ್ದೀನಿ, ಇವತ್ತಿನ ದರ ನೀವೇ ಹಾಕ್ಕೊಳ್ಳಿ.

ಹಳೇ ಸರ ಒಟ್ಟು ತೂಕ 20 ಗ್ರಾಂ. ದಾರ, ಹರಳು, ಕೊಳೆ ಅಂತ ಅರ್ಧ ಗ್ರಾಂ ಹೋಯ್ತು, ನಿವ್ವಳ 19.5. ಪರೀಕ್ಷೆಯಲ್ಲಿ ಶುದ್ಧತೆ 87.5%, ಅಂದ್ರೆ 21 ಕ್ಯಾರೆಟ್. ಇದರೊಳಗಿನ ಅಪ್ಪಟ ಚಿನ್ನ 19.5 × 0.875 = 17.0625 ಗ್ರಾಂ. ಇದನ್ನ 916ಕ್ಕೆ (22 ಕ್ಯಾರೆಟ್, ಅಂದ್ರೆ 91.6% ಶುದ್ಧ) ತಿರುಗಿಸಬೇಕಾದ್ರೆ 0.916ರಿಂದ ಭಾಗಿಸಿ: 18.627 ಗ್ರಾಂ. ಬೆಲೆ ₹1,86,270. ಅಂಗಡಿ 2% ಕಟ್ ಮಾಡಿದ್ರೆ ನಿಮ್ಮ ಲೆಕ್ಕಕ್ಕೆ ಬರೋದು ₹1,82,545.

ಹೊಸ ಸರವೂ 20 ಗ್ರಾಂ. ವೇಸ್ಟೇಜ್ (ಮಾಡೋ ಖರ್ಚು ಅಂತ ತೂಕದ ಮೇಲೆ ಸೇರಿಸೋದು) 14%, ಅಂದ್ರೆ 2.8 ಗ್ರಾಂ. 22.8 ಗ್ರಾಂಗೆ ₹2,28,000. ಜಿಎಸ್‌ಟಿ 3% ₹6,840. ಹಾಲ್‌ಮಾರ್ಕ್ ಶುಲ್ಕ ₹45, ಅದರ ಮೇಲೆ 18%, ಸೇರಿ ₹53. ಒಟ್ಟು ₹2,34,893. ಕೈಯಿಂದ ಕಟ್ಟಬೇಕಾದ್ದು ₹52,348.

20 ಗ್ರಾಂ ಕೊಟ್ಟು 20 ಗ್ರಾಂ ತಗೊಂಡ್ರೂ ಐವತ್ತೆರಡು ಸಾವಿರ! ಬಿಡಿಸಿ ನೋಡಿ: ಕೊಳೆ, ಶುದ್ಧತೆಯಲ್ಲಿ ಹೋದದ್ದು ₹13,730. "ಎಕ್ಸ್‌ಚೇಂಜ್ ಕಟ್" ಅಂತ ಹೋದದ್ದು ₹3,725. ವೇಸ್ಟೇಜ್ ₹28,000. ತೆರಿಗೆ, ಹಾಲ್‌ಮಾರ್ಕ್ ₹6,893. ನಾವು ಕೌಂಟರಲ್ಲಿ ಕೂತು ಜಗ್ಗಾಡೋದು ಆ ₹3,725ಕ್ಕೆ.

ಬೆಂಡೋಲೆ

ಹಾಗಾದ್ರೆ "ಜೀರೋ ಡಿಡಕ್ಷನ್" ಆಫರ್ ಇರೋ ಕಡೆ ಹೋದ್ರೆ ಆ ₹3,725 ಆದ್ರೂ ಉಳಿಯುತ್ತಲ್ಲ?

ಎರಡೆಳೆ

ವೇಸ್ಟೇಜ್ ಅದೇ 14% ಇದ್ರೆ ಉಳಿಯುತ್ತೆ. ಪಕ್ಕದ ಅಂಗಡಿ "ಜೀರೋ" ಅಂತ ಹಾಕಿ ಅದೇ ಡಿಸೈನಿಗೆ 17% ವೇಸ್ಟೇಜ್ ಹೇಳ್ತು ಅಂದ್ಕೊಳ್ಳಿ. 23.4 ಗ್ರಾಂ, ₹2,34,000, ತೆರಿಗೆ, ಹಾಲ್‌ಮಾರ್ಕ್ ಸೇರಿ ₹2,41,073. ಹಳೇದರ ಪೂರ್ತಿ ₹1,86,270 ಕಳೆದ್ರೆ ₹54,803. ಕಟ್ ಇಲ್ಲದ ಅಂಗಡಿಯಲ್ಲೇ ₹2,455 ಜಾಸ್ತಿ.

ಈ ತೂಕಕ್ಕೆ ವೇಸ್ಟೇಜಿನ ಒಂದೊಂದು ಪರ್ಸೆಂಟೂ ತೆರಿಗೆ ಸೇರಿ ₹2,060. 2% ಕಟ್ ಮನ್ನಾ ಮಾಡಿದ್ದನ್ನ ಹೆಚ್ಚುಕಮ್ಮಿ 1.8% ವೇಸ್ಟೇಜ್ ಏರಿಸಿ ವಾಪಸ್ ತಗೋಬಹುದು. ಅದಕ್ಕೇ ಕ್ರಮ ಹೀಗಿರಲಿ: ಹಳೇ ಚಿನ್ನದ ಮಾತೇ ಎತ್ತದೆ ಮೊದಲು ಹೊಸ ಒಡವೆಯ ವೇಸ್ಟೇಜ್ ಮಾತಾಡಿ ಮುಗಿಸಿ, ಎಸ್ಟಿಮೇಟ್ ಚೀಟಿ ಕೈಗೆ ತಗೊಳ್ಳಿ. ಆಮೇಲೆ ಹಳೇದನ್ನ ಹೊರಗೆ ತೆಗೀರಿ. ಎರಡನ್ನೂ ಒಟ್ಟಿಗೆ ಟೇಬಲ್ ಮೇಲೆ ಇಟ್ರೆ "ಒಟ್ಟು ಇಷ್ಟು ಕೊಡಿ ಸಾಕು" ಅನ್ನೋ ಒಂದೇ ಅಂಕಿ ಬರುತ್ತೆ, ಯಾವುದು ಎಲ್ಲಿ ಹೋಯ್ತು ಅಂತ ಗೊತ್ತಾಗಲ್ಲ.

ಜೀರೋ ಆಫರಿನ ಷರತ್ತುಗಳನ್ನೂ ಓದಿ. ತಮ್ಮಲ್ಲೇ ಕೊಂಡದ್ದಕ್ಕೆ ಮಾತ್ರ, ಹಾಲ್‌ಮಾರ್ಕ್ ಇದ್ದದ್ದಕ್ಕೆ ಮಾತ್ರ, ಚಿನ್ನದ ಒಡವೆ ಕೊಂಡರೆ ಮಾತ್ರ (ನಾಣ್ಯ, ವಜ್ರಕ್ಕೆ ಇಲ್ಲ), ದುಡ್ಡು ಕೇಳಿದರೆ ಬೇರೆ ಕಟ್, ಹೀಗೆ.

ಒರೆಗಲ್ಲು

ಮೇಲಿನ ಲೆಕ್ಕದಲ್ಲಿ 0.916ರಿಂದ ಭಾಗಿಸಿದ್ದಾರಲ್ಲ, ಆ ಹೆಜ್ಜೆಯನ್ನು ಗುರುತು ಹಾಕಿಕೊಳ್ಳಿ. ಅತಿ ಹೆಚ್ಚು ಮೋಸ ಆಗುವುದು ಅಲ್ಲಿ. ಕೆಲವು ಕಡೆ ಗೊತ್ತಿದ್ದೇ ಮಾಡುತ್ತಾರೆ, ಕೆಲವು ಕಡೆ ಕೌಂಟರಿನ ಹುಡುಗರಿಗೇ ಗೊತ್ತಿರುವುದಿಲ್ಲ.

ಯಂತ್ರ 87.5% ಎಂದು ತೋರಿಸುತ್ತದೆ. ಅವರು 19.5 × 87.5% × 22 ಕ್ಯಾರೆಟ್ ದರ ಎಂದು ಗುಣಿಸುತ್ತಾರೆ: ₹1,70,625. ಸರಿಯಾದದ್ದು ₹1,86,270. ಒಂದೇ ಗುಣಾಕಾರದಲ್ಲಿ ₹15,645 ಮಾಯ. 22 ಕ್ಯಾರೆಟ್ ದರದಲ್ಲಿ 91.6% ಶುದ್ಧತೆಯ ಲೆಕ್ಕ ಆಗಲೇ ಸೇರಿದೆ. ಅದರ ಮೇಲೆ ಮತ್ತೆ 87.5% ಹಾಕಿದರೆ ಶುದ್ಧತೆಯನ್ನು ಎರಡು ಸಲ ಕಳೆದಂತೆ. ಶೇಕಡಾವಾರು ಶುದ್ಧತೆಯನ್ನು ಗುಣಿಸುವುದಾದರೆ 24 ಕ್ಯಾರೆಟ್ ದರಕ್ಕೆ ಗುಣಿಸಬೇಕು. ಈ ಉದಾಹರಣೆಯಲ್ಲಿ ಅದು ಗ್ರಾಂಗೆ ಸುಮಾರು ₹10,917.

ಬಾಯಿಪಾಠಕ್ಕೆ ಬೇಕಾದ ಅಂಕಿಗಳು: 24 ಕ್ಯಾರೆಟ್ ಎಂದರೆ 999 ಅಥವಾ 995, 23 ಎಂದರೆ 958, 22 ಎಂದರೆ 916, 20 ಎಂದರೆ 833, 18 ಎಂದರೆ 750, 14 ಎಂದರೆ 585.

ಇದೇ ಜಾತಿಯ ಎರಡನೇ ತಪ್ಪು ಕರಗಿಸಿದ ಮೇಲೆ ಆಗುತ್ತದೆ. ಶುದ್ಧತೆಯನ್ನು ಕರಗಿಸುವ ಮೊದಲಿನದ್ದು ಹಿಡಿದು, ತೂಕವನ್ನು ಕರಗಿಸಿದ ಮೇಲಿನದ್ದು ಹಿಡಿಯುತ್ತಾರೆ. 19.5 ಗ್ರಾಂ ಕರಗಿಸಿದಾಗ 19.3 ಆಯಿತು ಎನ್ನೋಣ. ಚಿನ್ನ 1064 ಡಿಗ್ರಿಗೆ ಕರಗುತ್ತದೆ, ಆ ಶಾಖಕ್ಕೆ ಆವಿಯಾಗಿ ಹೋಗುವುದಿಲ್ಲ. ಹೋದದ್ದು ಬೆವರು, ಎಣ್ಣೆ, ಅರಗು, ಜೊತೆಗೆ ಬೆಸುಗೆಯ ಕ್ಯಾಡ್ಮಿಯಂ, ಸತು. ಕ್ಯಾಡ್ಮಿಯಂ 767 ಡಿಗ್ರಿಗೆ, ಸತು 907ಕ್ಕೆ ಕುದಿಯುತ್ತವೆ. ಚಿನ್ನ ಅಷ್ಟೇ ಇದ್ದು ತೂಕ ಇಳಿದರೆ ಶುದ್ಧತೆ ಏರಲೇಬೇಕು: 17.0625 ÷ 19.3 = 88.4%. ಗಟ್ಟಿಯನ್ನು ಮತ್ತೆ ಪರೀಕ್ಷಿಸದೆ 19.3 × 87.5% ಎಂದರೆ ಸುಮಾರು ₹1,910 ಕಳೆದುಕೊಂಡಿರಿ. ತೂಕವೂ ಶುದ್ಧತೆಯೂ ಒಂದೇ ಹಂತದ್ದಾಗಿರಲಿ.

ಬೋರಮಾಳ

ಒರೆಗಲ್ಲು ಅವ್ರ, ಎಕ್ಸ್‌ಆರ್‌ಎಫ್ ಮಷೀನ್ (ಎಕ್ಸ್-ರೇ ಬಿಟ್ಟು ಶುದ್ಧತೆ ನೋಡೋದು) ತೋರಿಸಿದ್ದನ್ನ ಎಷ್ಟು ನಂಬಬೇಕ್ರಿ? ಒಂದೇ ಸರ, ಒಂದು ಅಂಗಡ್ಯಾಗ 86 ತೋರಸ್ತದ, ಇನ್ನೊಂದ್ರಾಗ 90 ತೋರಸ್ತದ. ನಮ್ಮ ಕಡೆ ಬೋರಮಾಳ, ಗುಂಡಿನ ಸರ ಎಲ್ಲಾ ಅರಗು ತುಂಬಿದ್ದು ಬ್ಯಾರೆ.

ಒರೆಗಲ್ಲು

ಎರಡೂ ಅಂಗಡಿಯವರು ಪ್ರಾಮಾಣಿಕರಾಗಿದ್ದರೂ ಆ ವ್ಯತ್ಯಾಸ ಬರಬಹುದು. ಎಕ್ಸ್‌ಆರ್‌ಎಫ್ ನೋಡುವುದು ಮೇಲ್ಮೈಯ ಕೆಲವು ಮೈಕ್ರಾನ್ ಆಳವನ್ನು ಮಾತ್ರ. ಕಿರಣ ಬಿದ್ದ ಜಾಗ ಬೆಸುಗೆಯಾದರೆ ಕಡಿಮೆ, ಬಿಲ್ಲೆಯ ನಡುಭಾಗವಾದರೆ ಹೆಚ್ಚು. ಮೇಲೆ ಚಿನ್ನದ ಪಾಲಿಶ್ ಕೊಟ್ಟಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ಒಂದೇ ಕಡೆ ತೋರಿಸಿ ಮುಗಿಸಬೇಡಿ. ಬಿಲ್ಲೆ, ಹಿಂಬದಿ, ಕೊಂಡಿ, ಬೆಸುಗೆ ನಾಲ್ಕೂ ಕಡೆ ನೋಡಿಸಿ. ಪರದೆಯಲ್ಲಿ ಚಿನ್ನದ ಅಂಕಿ ಒಂದನ್ನೇ ನೋಡಬೇಡಿ, ತಾಮ್ರ, ಬೆಳ್ಳಿ, ಸತು, ಕ್ಯಾಡ್ಮಿಯಂ ಎಲ್ಲವನ್ನೂ ಓದಿ. ಇರಿಡಿಯಂ, ರುಥೇನಿಯಂ ಎಂದು ಬಂದರೆ ತೂಕಕ್ಕೆ ಪುಡಿ ಬೆರೆಸಿದ ಮಾಲು.

ಬೆಸುಗೆಯ ಬಿಂದು 70% ತೋರಿಸಿತು, ಬಿಲ್ಲೆ 91% ತೋರಿಸಿತು ಎಂದು ಎರಡರ ಸರಾಸರಿ 80.5% ಹಿಡಿಯುವವರಿದ್ದಾರೆ. ಅದು ಲೆಕ್ಕವೇ ಅಲ್ಲ. ಇಡೀ ಒಡವೆಯಲ್ಲಿ ಬೆಸುಗೆಯ ಪಾಲು ಕೆಲವೇ ಪರ್ಸೆಂಟ್ ಇರುತ್ತದೆ. ಒಡವೆಯ ನಿಜವಾದ ಸರಾಸರಿ ಗೊತ್ತಾಗುವುದು ಕರಗಿಸಿ ಏಕರಸ ಮಾಡಿದ ಮೇಲೆ. ತಕರಾರು ಬಂದರೆ ಕೊನೆಯ ಮಾತು ಬೆಂಕಿ ಪರೀಕ್ಷೆಯದ್ದು: ಲೋಹದ ಚೂರು ಕತ್ತರಿಸಿ, ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಬೂದಿ ಬಟ್ಟಲಿನಲ್ಲಿಟ್ಟು ಸುಮಾರು 1100 ಡಿಗ್ರಿಗೆ ಕಾಯಿಸಿ, ಉಳಿದ ಮಣಿಯಿಂದ ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕಳೆದು, ಕೊನೆಗೆ ಉಳಿದ ಅಪ್ಪಟ ಚಿನ್ನವನ್ನು ತೂಗುವುದು.

ಅರಗು ತುಂಬಿದ ಗುಂಡು, ಬೋರಮಾಳ, ಕೊಡಗಿನ ಜೋಮಾಲೆಯಂಥವಕ್ಕೆ ಎಕ್ಸ್‌ಆರ್‌ಎಫ್ ಶುದ್ಧತೆ ಹೇಳಬಲ್ಲದು, ಚಿನ್ನ ಎಷ್ಟಿದೆ ಎಂದು ಹೇಳಲಾರದು. ಒಟ್ಟು ತೂಕದಲ್ಲಿ ಅರಗಿನ ಪಾಲು ಎಷ್ಟು ಎಂಬುದಕ್ಕೆ ಊಹೆಯ ಕಡಿತ ಒಪ್ಪಬೇಡಿ. ಒಂದು ಗುಂಡನ್ನು ಬಿಡಿಸಿ, ಕಾಯಿಸಿ, ಅರಗು ಇಳಿಸಿ, ಬರಿ ತಗಡನ್ನು ತೂಗಿ ಅದರ ಪ್ರಮಾಣ ಹಿಡಿಯಬಹುದು. ಗುಂಡುಗಳು ಒಂದೇ ಅಳತೆಯವಾಗಿದ್ದರೆ ಅಷ್ಟು ಸಾಕು.

ಅಗಸಾಲೆ

ನನ್ನ ಕೇಳಿದರೆ ಬೋರಮಾಳ, ಜೋಮಾಲೆ ಎಕ್ಸ್‌ಚೇಂಜಿಗೆ ಹಾಕುವ ವಸ್ತುವೇ ಅಲ್ಲ. ಚಿನ್ನ ಕಡಿಮೆ, ಕೈಕೆಲಸ ಹೆಚ್ಚು. ಕೊಡುವಾಗ ಸಿಗುವುದು ಬರೀ ತಗಡಿನ ಬೆಲೆ, ಅದನ್ನೇ ಇನ್ನೊಮ್ಮೆ ಮಾಡಿಸಲು ಮಜೂರಿ ಬೇರೆ ಕೊಡಬೇಕು. ಗುಂಡು ತಗ್ಗಿದ್ದರೆ, ದಾರ ಹಳೆಯದಾದರೆ ಪೋಣಿಸಿ ಕೊಡುವವರು ಇನ್ನೂ ಇದ್ದಾರೆ. ಕುಂದಣದ್ದೂ ಇದೇ ಕಥೆ.

ಹರಳಿನ ವಿಷಯ. ಕೆಂಪಿನ ಓಲೆ, ಅಡ್ಡಿಕೆ ಕೊಡುವಾಗ ಹರಳಿನ ತೂಕ ಕಳೆಯುತ್ತಾರೆ, ಬೆಲೆ ಕೊಡುವುದಿಲ್ಲ. ಅದು ಸರಿಯೇ. ಆದರೆ ಹರಳು ನಿಮ್ಮದು. ಬಿಚ್ಚಿಸಿ ಕೈಗೆ ತಗೊಳ್ಳಿ, ಬಿಚ್ಚಿದ ಹರಳನ್ನು ಬೇರೆ ತೂಗಿಸಿ. ಒಂದು ಕ್ಯಾರೆಟ್ ಹರಳು ಅಂದರೆ 0.2 ಗ್ರಾಂ, ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ. ಅಂದಾಜಿಗೆ ಮೂರು ಗ್ರಾಂ ಹರಳು ಅಂತ ಬರೆದುಕೊಂಡು ಬಿಚ್ಚಿದಾಗ ಎರಡೇ ಬಂದರೆ ಆ ಒಂದು ಗ್ರಾಂ ಚಿನ್ನ ಯಾರದ್ದು?

ಬೆಂಡೋಲೆ

ಹಾಲ್‌ಮಾರ್ಕ್ ಇಲ್ಲದ ಹಳೇ ಒಡವೆ ಈಗ ಅಂಗಡಿಯವರು ತಗೊಳ್ಳೋ ಹಾಗೇ ಇಲ್ಲ, ಕಾನೂನು ಬಂದಿದೆ, ಅದಕ್ಕೆ 10% ಕಮ್ಮಿ ಅಂತ ಹೇಳ್ತಾರೆ. ನಿಜವಾ?

ತೆರಿಗೆತಕ್ಕಡಿ

ಅಲ್ಲ. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಶುರುವಾದ ಕಡ್ಡಾಯ ಹಾಲ್‌ಮಾರ್ಕಿಂಗ್ ಅಂಗಡಿಯವರು ಮಾರುವ ಒಡವೆಗೆ. ಗ್ರಾಹಕರಿಂದ ಹಾಲ್‌ಮಾರ್ಕ್ ಇಲ್ಲದ ಹಳೇ ಚಿನ್ನ ಕೊಳ್ಳಲು ಯಾವ ಅಡ್ಡಿಯೂ ಇಲ್ಲ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆಯಾದ ಎಚ್‌ಯುಐಡಿ ಇಲ್ಲದ ಒಡವೆಯನ್ನು ಅವರು ಮಾರುವಂತಿಲ್ಲ, ಅಷ್ಟೇ. ನಿಮ್ಮ ಹತ್ತಿರ ಇರುವ ಹಳೇ ನಾಲ್ಕು ಗುರುತಿನ ಹಾಲ್‌ಮಾರ್ಕ್ (ಬಿಐಎಸ್ ಎಂಬ ಭಾರತೀಯ ಮಾನಕ ಬ್ಯೂರೋದ ಚಿಹ್ನೆ, ಶುದ್ಧತೆ, ಪರೀಕ್ಷಾ ಕೇಂದ್ರ, ಅಂಗಡಿಯ ಗುರುತು) ಈಗಲೂ ಮಾನ್ಯ.

ಇನ್ನು "ಹಾಲ್‌ಮಾರ್ಕ್ ಇಲ್ಲ" ಎಂಬುದಕ್ಕೇ ಒಂದು ಕಡಿತ, ಪರೀಕ್ಷೆಯಲ್ಲಿ ಕಂಡ ಶುದ್ಧತೆಗೆ ಇನ್ನೊಂದು ಕಡಿತ ಎಂದರೆ ಅದು ಎರಡು ಸಲ. ಶುದ್ಧತೆ ಅಳೆದ ಮೇಲೆ ಹಾಲ್‌ಮಾರ್ಕ್ ಇದ್ದರೇನು, ಇಲ್ಲದಿದ್ದರೇನು?

ಅಂಗಡಿಗೆ ಹೋಗುವ ಮೊದಲೇ ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ಒಯ್ಯಬಹುದು. ನಾಲ್ಕು ಒಡವೆಗಳವರೆಗೆ ₹200, ಐದು ಅಥವಾ ಹೆಚ್ಚಿದ್ದರೆ ಒಂದಕ್ಕೆ ₹45, ಮೇಲೆ ತೆರಿಗೆ. ವರದಿ ಬರೆದು ಕೊಡುತ್ತಾರೆ. ಆ ಕಾಗದ ಅಂಗಡಿಯನ್ನು ಕಟ್ಟಿಹಾಕುವುದಿಲ್ಲ, ಅವರು ತಮ್ಮ ಯಂತ್ರದಲ್ಲೇ ನೋಡಬಹುದು. ಆದರೆ ಕೈಯಲ್ಲಿ 89.8 ಎಂಬ ವರದಿ ಇರುವವರಿಗೆ 84 ಎನ್ನುವುದು ಅಷ್ಟು ಸುಲಭವಲ್ಲ.

ಕಡಲತಡಿ

ಗಲ್ಫ್‌ನಿಂದ ತಂದ ಒಡವೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ, ಮಂಗಳೂರು, ಉಡುಪಿ, ಭಟ್ಕಳ ಕಡೆಯವರಿಗೆ ಉಪಯೋಗವಾದೀತು. ದುಬೈ ಬಳೆಯ ಮೇಲೆ 916 ಅಥವಾ 22ಕೆ ಎಂಬ ಮುದ್ರೆ ಇದ್ದರೂ ಅದು ಬಿಐಎಸ್ ಹಾಲ್‌ಮಾರ್ಕ್ ಅಲ್ಲ, "ಹಾಲ್‌ಮಾರ್ಕ್‌ಗೆ ಮಾತ್ರ" ಎಂಬ ಆಫರುಗಳಿಗೆ ಅದು ಸೇರುವುದಿಲ್ಲ. ಪರೀಕ್ಷೆಯಲ್ಲಿ ಮಾತ್ರ ಸಾಮಾನ್ಯವಾಗಿ ಮುದ್ರೆಯ ಹತ್ತಿರಕ್ಕೇ ಬರುತ್ತದೆ. ಆದ್ದರಿಂದ ಅದನ್ನು ಊರಿನ ಹಳೇ ಸರದ ಜೊತೆ ಸೇರಿಸಿ ಒಟ್ಟಿಗೆ ಕರಗಿಸಲು ಬಿಡಬೇಡಿ. ಬೇರೆ ಬೇರೆ ಶುದ್ಧತೆಯವನ್ನು ಬೇರೆ ಬೇರೆಯಾಗಿಯೇ ತೂಗಿ, ಬೇರೆ ಸಾಲಿನಲ್ಲೇ ಬರೆಸಿ. ಕೊಂಡಾಗಿನ ಬಿಲ್ ಇಟ್ಟುಕೊಂಡಿದ್ದರೆ ಮುಂದೆ ತೆರಿಗೆ ಲೆಕ್ಕಕ್ಕೂ ಬೇಕಾಗುತ್ತದೆ.

ಬೋರಮಾಳ

ಕೆಡಿಎಂ ಅಂದ್ರ 916 ಅಂತನ ತಿಳ್ಕೊಂಡಾರ ಭಾಳ ಮಂದಿ.

ಅಗಸಾಲೆ

ಕೆಡಿಎಂ ಬೆಸುಗೆಯ ರೀತಿ, ಶುದ್ಧತೆಯ ಗುರುತಲ್ಲ. ಹಿಂದೆ ಬೆಸುಗೆಗೆ ಚಿನ್ನದ ಜೊತೆ ತಾಮ್ರ, ಬೆಳ್ಳಿ ಹೆಚ್ಚು ಹಾಕುತ್ತಿದ್ದರು. ಕೊಂಡಿ ಹೆಚ್ಚಿದ್ದ ಸರದಲ್ಲಿ ಒಟ್ಟು ಶುದ್ಧತೆ ಬಿದ್ದು ಹೋಗುತ್ತಿತ್ತು. ಚಿನ್ನ 92, ಕ್ಯಾಡ್ಮಿಯಂ 8 ಹಾಕಿದ ಬೆಸುಗೆ ಬಂದ ಮೇಲೆ ಆ ತೊಂದರೆ ತಪ್ಪಿತು. ಆದರೆ ಕ್ಯಾಡ್ಮಿಯಂ ಹೊಗೆ ಕೆಲಸಗಾರರ ಶ್ವಾಸಕೋಶ, ಮೂತ್ರಪಿಂಡಕ್ಕೆ ವಿಷ, ಹಾಲ್‌ಮಾರ್ಕ್ ಒಡವೆಯಲ್ಲಿ ಅದಕ್ಕೆ ಜಾಗವಿಲ್ಲ. ಕೆಡಿಎಂ ಮುದ್ರೆ ಇದೆ ಎಂದು 916ರ ಬೆಲೆ ಕೇಳಿದರೆ ಯಾರೂ ಕೊಡುವುದಿಲ್ಲ, ಕೊಡಬೇಕಾಗಿಯೂ ಇಲ್ಲ. ಪರೀಕ್ಷೆ ಏನು ಹೇಳುತ್ತದೋ ಅದೇ.

ಬೆಂಡೋಲೆ

ನಾನು ಕಟ್ಟೋದು ₹52,348 ಮಾತ್ರ. ಜಿಎಸ್‌ಟಿ ಯಾಕೆ ₹2,28,000ದ ಮೇಲೆ? ವ್ಯತ್ಯಾಸದ ಮೇಲೆ ಹಾಕಬೇಕಲ್ವಾ?

ತೆರಿಗೆತಕ್ಕಡಿ

ನೀವು ಕೊಡುವ ಹಳೇ ಚಿನ್ನವೂ ಬೆಲೆಯ ಒಂದು ಭಾಗವೇ. ಬೆಲೆ ಹಣದಲ್ಲೇ ಬರಬೇಕು ಎಂದೇನಿಲ್ಲ. ಜಿಎಸ್‌ಟಿ ನಿಯಮ 27ರಲ್ಲಿ ಇದಕ್ಕೆ ಫೋನಿನ ಉದಾಹರಣೆಯನ್ನೇ ಕೊಟ್ಟಿದ್ದಾರೆ: ಹಳೇ ಫೋನ್ ಕೊಟ್ಟು ₹20,000ಕ್ಕೆ ಹೊಸ ಫೋನ್ ಕೊಂಡಿರಿ, ಹಳೇದನ್ನು ಕೊಡದಿದ್ದರೆ ಅದರ ಬೆಲೆ ₹24,000 ಎಂದಾದರೆ ತೆರಿಗೆ ಹಾಕುವ ಮೌಲ್ಯ ₹24,000. ಚಿನ್ನಕ್ಕೂ ಅದೇ ನ್ಯಾಯ.

ನಿಮ್ಮ ಹಳೇ ಚಿನ್ನದ ಮೇಲೆ ಮಾತ್ರ ಜಿಎಸ್‌ಟಿ ಇಲ್ಲ. ವ್ಯಾಪಾರಿಯಲ್ಲದವರು ಮನೆಯ ಒಡವೆ ಕೊಟ್ಟರೆ ಅದು ವ್ಯಾಪಾರವಲ್ಲ, ಅಂಗಡಿ ರಿವರ್ಸ್ ಚಾರ್ಜ್ (ಮಾರುವವರ ಬದಲು ಕೊಳ್ಳುವವರೇ ಕಟ್ಟುವ ತೆರಿಗೆ) ಕಟ್ಟಬೇಕಾಗಿಯೂ ಇಲ್ಲ. "ಹಳೇ ಚಿನ್ನದ ಮೇಲೆ 3% ಜಿಎಸ್‌ಟಿ ಕಟ್" ಎಂದು ಚೀಟಿಯಲ್ಲಿ ಬರೆದಿದ್ದರೆ ತೆಗೆಸಿ.

ಹಳೇ ಒಡವೆಯನ್ನು ಕರಗಿಸದೆ, ರೂಪ ಬದಲಿಸದೆ ಮರುಮಾರಾಟ ಮಾಡುವ ವ್ಯಾಪಾರಿ ಲಾಭಾಂಶದ ಮೇಲಷ್ಟೇ ಜಿಎಸ್‌ಟಿ ಕಟ್ಟಿದರೆ ಸಾಕು ಎಂದು ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ 2021ರಲ್ಲಿ ಹೇಳಿತು. ಅದು ಹಳೇ ಒಡವೆ ಮಾರುವವರಿಗೆ. ಕರಗಿಸಿ ಹೊಸದು ಮಾಡಿದರೆ ಅನ್ವಯಿಸುವುದಿಲ್ಲ.

ಬಿಲ್ಲಿನ ಬಗ್ಗೆ: ಎರಡು ಕಾಗದ ಇರಬೇಕು. ಒಂದು, ನಿಮ್ಮಿಂದ ಹಳೇ ಚಿನ್ನ ಕೊಂಡದ್ದಕ್ಕೆ ಖರೀದಿ ವೋಚರ್. ಅದರಲ್ಲಿ ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ, ದರ, ಕಡಿತ ಬೇರೆ ಬೇರೆ ಕಾಣಬೇಕು. ಇನ್ನೊಂದು, ಹೊಸ ಒಡವೆಯ ಪೂರ್ತಿ ಮೌಲ್ಯದ ತೆರಿಗೆ ಬಿಲ್. ಅದರಲ್ಲಿ ಒಡವೆಯ ವಿವರ, ನಿವ್ವಳ ತೂಕ, ಕ್ಯಾರೆಟ್ ಮತ್ತು ಶುದ್ಧತೆ, ಹಾಲ್‌ಮಾರ್ಕ್ ಶುಲ್ಕ ಪ್ರತ್ಯೇಕ. ವ್ಯತ್ಯಾಸದ ಮೊತ್ತಕ್ಕೆ ಮಾತ್ರ ಬಿಲ್ ಹರಿದು "ತೆರಿಗೆ ಉಳಿಸಿದ್ದೇವೆ" ಎಂದರೆ ನಾಳೆ ಶುದ್ಧತೆಯ ತಕರಾರು ಬಂದಾಗ ನಿಮ್ಮ ಕೈಯಲ್ಲಿ 20 ಗ್ರಾಂ ಒಡವೆಯ ದಾಖಲೆಯೇ ಇರುವುದಿಲ್ಲ.

ಪ್ಯಾನ್ ಕೇಳುವುದೂ ಪೂರ್ತಿ ಮೊತ್ತಕ್ಕೇ. ಬಿಲ್ ₹2 ಲಕ್ಷ ದಾಟಿದ್ದರಿಂದ ಕೈಯಿಂದ ಕೊಟ್ಟದ್ದು ಐವತ್ತು ಸಾವಿರವೇ ಆದರೂ ಪ್ಯಾನ್ ಬೇಕು. ಒಡವೆ ಬೇಡ, ದುಡ್ಡೇ ಬೇಕು ಎಂದರೆ ಬ್ಯಾಂಕ್ ಮೂಲಕವೇ ಬರುತ್ತದೆ. ಒಂದು ದಿನ ಒಬ್ಬರಿಗೆ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ವ್ಯಾಪಾರಿಗೆ ಅದನ್ನು ಖರ್ಚಿನಲ್ಲಿ ತೋರಿಸಲು ಬರುವುದಿಲ್ಲ.

ಎರಡೆಳೆ

ಆದಾಯ ತೆರಿಗೆ ಬಗ್ಗೆಯೂ ಹೇಳಿಬಿಡಿ. "ಮಾರಿಲ್ಲ, ಬದಲಾಯಿಸಿದ್ದೀವಿ ಅಷ್ಟೇ" ಅಂತ ಸುಮ್ಮನಿರೋರೇ ಜಾಸ್ತಿ.

ತೆರಿಗೆತಕ್ಕಡಿ

ಕಾನೂನಿನ ಕಣ್ಣಲ್ಲಿ ವಿನಿಮಯವೂ ವರ್ಗಾವಣೆಯೇ. ಬಂಡವಾಳ ಲಾಭ ಲೆಕ್ಕಕ್ಕೆ ಬರುತ್ತದೆ. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡ ಚಿನ್ನಕ್ಕೆ 2024ರ ಜುಲೈ 23ರಿಂದ 12.5%, ಇಂಡೆಕ್ಸೇಶನ್ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಹಿಡಿಯುವುದು) ಇಲ್ಲದೆ. ಅದಕ್ಕಿಂತ ಕಡಿಮೆ ಅವಧಿಯಾದರೆ ನಿಮ್ಮ ಸ್ಲ್ಯಾಬ್ ದರ. ಅಮ್ಮನಿಂದ, ಅಜ್ಜಿಯಿಂದ ಬಂದದ್ದಾದರೆ ಅವರು ಕೊಂಡ ಬೆಲೆಯೂ ಅವರು ಇಟ್ಟುಕೊಂಡ ಕಾಲವೂ ನಿಮ್ಮದಾಗುತ್ತದೆ. 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯಬಹುದು. ವೋಚರ್ ಮಾತ್ರ ಚಿನ್ನ ಯಾರದ್ದೋ ಅವರ ಹೆಸರಿನಲ್ಲೇ ಇರಲಿ. ಅತ್ತೆಯ ಬಳೆ ಕೊಟ್ಟು ಸೊಸೆಯ ಪ್ಯಾನ್ ಹಾಕಿಸಿದರೆ ಲಾಭದ ಲೆಕ್ಕ ಸೊಸೆಯ ತಲೆಗೆ ಬರುತ್ತದೆ.

ಅಗಸಾಲೆ

ಇಷ್ಟೆಲ್ಲ ಮಾತಾಡಿದರೂ ಅದೇ ಚಿನ್ನದಲ್ಲೇ ಹೊಸದು ಮಾಡಿಸುವ ದಾರಿಯ ಬಗ್ಗೆ ಯಾರೂ ಹೇಳಲಿಲ್ಲ. ಚಿನ್ನ ನಿಮ್ಮದು, ಕೆಲಸ ಮಾತ್ರ ಅಕ್ಕಸಾಲಿಯದ್ದು ಅಂದರೆ ಜಿಎಸ್‌ಟಿ ಮಜೂರಿಯ ಮೇಲೆ ಮಾತ್ರ, 5%. ಮೇಲಿನ ₹6,840ರ ಜಾಗದಲ್ಲಿ ₹15,000 ಮಜೂರಿಗೆ ₹750.

ಆದರೆ ಶುದ್ಧತೆಯ ವಿಷಯದಲ್ಲಿ ಒಂದು ಸಿಕ್ಕು ಇದೆ. ಹಳೇದು 87.5%, ಹೊಸದು 916 ಬೇಕು. "ಸ್ವಲ್ಪ ಅಪ್ಪಟ ಚಿನ್ನ ಸೇರಿಸಿದರೆ ಆಯ್ತಲ್ಲ" ಅನ್ನುತ್ತಾರೆ. ಸ್ವಲ್ಪದಲ್ಲಿ ಆಗುವುದಿಲ್ಲ. 19.5 ಗ್ರಾಮನ್ನು 91.6ಕ್ಕೆ ಏರಿಸಲು 24 ಕ್ಯಾರೆಟ್ ಚಿನ್ನ ಸುಮಾರು 9.5 ಗ್ರಾಂ ಬೇಕು, ಒಟ್ಟು 29 ಗ್ರಾಂ ಆಗುತ್ತದೆ. 29 ಗ್ರಾಂನ ಸರ ಬೇಕಿದ್ದವರಿಗೆ ಇದು ಒಳ್ಳೇ ದಾರಿ. ಬೇಡವಾದರೆ ಹಳೇದನ್ನು ಪೂರ್ತಿ ಶುದ್ಧ ಮಾಡಿಸಿ, 17 ಗ್ರಾಂ ಚಿಲ್ಲರೆ ಅಪ್ಪಟ ಚಿನ್ನ ತೆಗೆದು, ತಾಮ್ರ-ಬೆಳ್ಳಿ ಬೆರೆಸಿ ಮತ್ತೆ 18.6 ಗ್ರಾಂ 916 ಮಾಡಬೇಕು. ಬೆಂಗಳೂರಿನ ನಗರ್ತಪೇಟೆ, ಅವೆನ್ಯೂ ರಸ್ತೆ ಸುತ್ತ ಕರಗಿಸಿ, ಟಂಚ್ (ಶುದ್ಧತೆಯ ಪರೀಕ್ಷೆ) ತೆಗೆದು, ಶುದ್ಧ ಮಾಡಿಕೊಡುವವರಿದ್ದಾರೆ. ಸಣ್ಣ ಊರುಗಳಲ್ಲಿ ಅಕ್ಕಸಾಲಿಯೇ ಕಳಿಸಿ ತರಿಸುತ್ತಾನೆ.

ಮಾಡಿಸಿದ ಮೇಲೆ ಹಾಲ್‌ಮಾರ್ಕ್ ಬೇಕಾದರೆ ಬಿಐಎಸ್ ನೋಂದಣಿ ಇರುವ ಅಂಗಡಿಯ ಮೂಲಕವೇ ಹೋಗಬೇಕು. ಇದನ್ನು ಕೆಲಸ ಒಪ್ಪಿಸುವ ಮೊದಲೇ ಕೇಳಿಕೊಳ್ಳಿ. ಒಪ್ಪಿಸುವಾಗ ತೂಕ, ಶುದ್ಧತೆ, ಸವಕಲು ಎಷ್ಟು ಬಿಡಬೇಕು, ಕತ್ತರಿಸಿದ ಚೂರು, ಅರದ ಪುಡಿ ಯಾರಿಗೆ ಎಲ್ಲಾ ಬರೆದಿರಲಿ.

ಇನ್ನು ಹಲವರಿಗೆ ಎಕ್ಸ್‌ಚೇಂಜೂ ಬೇಡ, ಮಾಡಿಸುವುದೂ ಬೇಡ, ಪಾಲಿಶ್ ಸಾಕಾಗಿರುತ್ತದೆ. ಆಮ್ಲದಲ್ಲಿ ಅದ್ದಿ ಹೊಳಪು ತೆಗೆಯುವಾಗ ಮೇಲ್ಪದರದ ಚಿನ್ನ ಸ್ವಲ್ಪ ಹೋಗುತ್ತದೆ, ಹಾಗಾಗಿ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನಿಮ್ಮ ಮುಂದೆಯೇ ತೂಗಲಿ.

ಕಡಲತಡಿ

ಇವತ್ತು ಹಳೇದು ಕೊಟ್ಟು, ಒಡವೆ ಮೂರು ತಿಂಗಳು ಬಿಟ್ಟು ತಗೊಳ್ಳುವುದಾದರೆ? ಜಮೆ ರೂಪಾಯಿಯಲ್ಲೋ ಗ್ರಾಂನಲ್ಲೋ?

ಎರಡೆಳೆ

ಇದು ಬಾಯಿಮಾತಲ್ಲಿ ಬಿಟ್ಟು ಜಗಳ ಆಗೋ ಜಾಗ. ಮೇಲಿನ ₹1,82,545 ಜಮೆಯಾಗಿ ನಿಂತಿತು, ಒಡವೆ ತಗೊಳ್ಳೋ ದಿನ ದರ ₹10,600 ಆಯ್ತು ಅಂದ್ರೆ ಅದಕ್ಕೆ ಬರೋದು 17.22 ಗ್ರಾಂ. ಗ್ರಾಂನಲ್ಲಿ ಜಮೆ ಆಗಿದ್ರೆ 18.25 ಗ್ರಾಂ ಹಾಗೇ ಇರ್ತಿತ್ತು. ದರ ₹9,400ಕ್ಕೆ ಇಳಿದ್ರೆ ಉಲ್ಟಾ, ರೂಪಾಯಿ ಜಮೆಗೆ 19.42 ಗ್ರಾಂ ಬರುತ್ತೆ. ಹೇಗಿದ್ರೂ ಒಡವೆಗೇ ಬಳಸೋ ಚಿನ್ನ ಅಂದ್ಮೇಲೆ ಗ್ರಾಂ ಜಮೆಯೇ ನೆಮ್ಮದಿ, ದರದ ಜೂಜು ಇರಲ್ಲ. ವೋಚರ್‌ನಲ್ಲಿ "22 ಕ್ಯಾರೆಟ್, ಇಷ್ಟು ಗ್ರಾಂ ಜಮೆ" ಅಂತ ಬರೆಸಿ. ಎಷ್ಟು ತಿಂಗಳ ಒಳಗೆ ತಗೋಬೇಕು, ತಗೊಳ್ಳದಿದ್ರೆ ದುಡ್ಡು ವಾಪಸಾ, ಅದೂ ಇರಲಿ.

ಒರೆಗಲ್ಲು

ಕರಗಿಸುವ ಕ್ಷಣದ ಬಗ್ಗೆ. ಒಡವೆ ಒಮ್ಮೆ ಗಟ್ಟಿಯಾದರೆ ನಿಮ್ಮ ಚೌಕಾಸಿಯ ಬಲ ಅರ್ಧ ಹೋಯಿತು. ಆದ್ದರಿಂದ ಮೊದಲು ಎಕ್ಸ್‌ಆರ್‌ಎಫ್, ಅದರ ಮೇಲೆ ಬರೆದ ಕೊಡುಗೆ, "ಕರಗಿಸಿದ ಮೇಲೆ ಶುದ್ಧತೆ ಇಷ್ಟಕ್ಕಿಂತ ಕಡಿಮೆ ಬಂದರೆ ಗಟ್ಟಿ ವಾಪಸ್" ಎಂಬ ಮಾತು, ಆಮೇಲೆ ಬೆಂಕಿ. ತಕ್ಕಡಿ ಮಿಲಿಗ್ರಾಂ ತೋರಿಸುವಂಥದ್ದಾಗಿರಲಿ, ಸೊನ್ನೆಗೆ ನಿಂತಿರಲಿ, ಫ್ಯಾನ್ ಗಾಳಿ ತಾಗದಿರಲಿ, ಕಾನೂನು ಮಾಪನ ಇಲಾಖೆಯ ಮುದ್ರೆ ಇರಲಿ. ಕರಗಿಸಿದ ಮೇಲೆ ಮೂಸೆಯ ಒಳಗೋಡೆಯಲ್ಲಿ ಬಿಳಿಗಾರದ ಜೊತೆ ಅಂಟಿಕೊಂಡ ಸಣ್ಣ ಮಣಿಗಳನ್ನು ಕೆರೆದು ಕೊಡಲು ಹೇಳಿ. ಪರೀಕ್ಷೆಗೆ ಕತ್ತರಿಸಿದ ಚೂರೂ ತೂಕಕ್ಕೆ ಸೇರಬೇಕು.

ಹೊಸ ಒಡವೆಯನ್ನು ಅಂಗಡಿ ಬಿಡುವ ಮೊದಲೇ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಎಚ್‌ಯುಐಡಿ ಹಾಕಿ ನೋಡಿ. ಶುದ್ಧತೆ ಸರಿ ಬಂದರೆ ಸಾಲದು, ಒಡವೆಯ ಬಗೆಯನ್ನೂ ಓದಿ. ಆ್ಯಪ್‌ನಲ್ಲಿ "ಉಂಗುರ" ಎಂದು ಬಂದು ನಿಮ್ಮ ಕೈಯಲ್ಲಿ ಸರ ಇದ್ದರೆ ಆ ಸಂಖ್ಯೆ ಬೇರೆ ಒಡವೆಯಿಂದ ಕದ್ದದ್ದು. ಎರಡು ಗ್ರಾಂಗಿಂತ ಕಡಿಮೆ ತೂಕದವಕ್ಕೆ, ಕುಂದಣ, ಪೋಲ್ಕಿ, ಜಡಾವ್ ಕೆಲಸಕ್ಕೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಅಲ್ಲಿ ಬಿಲ್ಲೇ ಗತಿ.

ಹಾಲ್‌ಮಾರ್ಕ್ ಒಡವೆ ಆಮೇಲೆ ಪರೀಕ್ಷೆಯಲ್ಲಿ ಕಡಿಮೆ ಬಂದರೆ, ಕೊರತೆ ಬಿದ್ದ ಚಿನ್ನದ ಬೆಲೆಯ ಎರಡರಷ್ಟು ಮತ್ತು ಪರೀಕ್ಷಾ ಶುಲ್ಕ ನಿಮಗೆ ಬರಬೇಕು. 20 ಗ್ರಾಂ ಒಡವೆ 916 ಬದಲು 900 ಬಂದರೆ ಕೊರತೆ 0.32 ಗ್ರಾಂ, ಪರಿಹಾರ 0.64 ಗ್ರಾಂನ ಬೆಲೆ. ಅಂಗಡಿ ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ₹5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ.

ಬೋರಮಾಳ

ಬೆಳ್ಳೀದು ಏನ್ರಿ? ಹಳೇ ಕಾಲ್ಗೆಜ್ಜೆ, ಸಮೆ (ದೀಪದ ಕಂಬ), ಮೂರ್ತಿ ಕೊಟ್ಟು ತಾಟು ತಗೋಬೇಕು ಅಂದ್ರ?

ಒರೆಗಲ್ಲು

ಬೆಳ್ಳಿಯಲ್ಲಿ ನಿರಾಸೆಗೆ ಸಿದ್ಧರಾಗಿಯೇ ಹೋಗಿ. ಗೆಜ್ಜೆಯಲ್ಲಿ ಕೊಂಡಿ, ಬೆಸುಗೆ ವಿಪರೀತ, 925 (92.5% ಶುದ್ಧ) ದೂರದ ಮಾತು. ಗೆಜ್ಜೆಯ ಕಾಳು ಬೇರೆ ಲೋಹದ್ದಾದರೆ ಅದನ್ನು ತೆಗೆದು ತೂಗಬೇಕು. ಮೂರ್ತಿ, ದಪ್ಪ ಬುಡದ ಸಮೆಯ ಒಳಗೆ ಅರಗು ಅಥವಾ ಮೇಣ ತುಂಬಿರುತ್ತದೆ, ತೂಕ ನೋಡಿ ಮೋಸ ಹೋಗಬೇಡಿ. ಹಳೇ ತಟ್ಟೆ, ಲೋಟದಂಥ ಬೆಸುಗೆ ಕಡಿಮೆ ಇರುವವು ವಾಸಿ. ಬಗೆಬಗೆಯ ಸಾಮಾನನ್ನು ಬೇರೆ ಬೇರೆ ಗುಂಪು ಮಾಡಿ ಪರೀಕ್ಷಿಸಿ, ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿ ಗೆಜ್ಜೆಯ ಶುದ್ಧತೆಗೆ ತಟ್ಟೆಯನ್ನೂ ಕೊಟ್ಟು ಬರಬೇಡಿ. ಬೆಳ್ಳಿಗೆ ಎಚ್‌ಯುಐಡಿ ಹಾಲ್‌ಮಾರ್ಕ್ 2025ರ ಸೆಪ್ಟೆಂಬರ್ 1ರಿಂದ ಬಂದಿದೆ, ಆದರೆ ಕಡ್ಡಾಯವಲ್ಲ, ಅಂಗಡಿಯವರ ಇಷ್ಟ. ತಾಟು ಕೊಳ್ಳುವಾಗ ಅದಿರುವುದನ್ನೇ ಕೇಳಿ ತಗೊಳ್ಳಿ, ಮುಂದೆ ಅದನ್ನು ಬದಲಾಯಿಸುವ ದಿನ ಶುದ್ಧತೆಯ ಜಗ್ಗಾಟ ಅಷ್ಟು ಕಡಿಮೆ.